ಷಡ್ಡಕರ ಇಟಲಿ

ನಮ್ಮ ಷಡ್ಡಕರ ಮನೆಯ ಭಾನುವಾರದ ಊಟ ಬಹಳ ಚೆನ್ನಾಗಿರುತ್ತದೆ. ತೊಂದರೆ ಇರುವುದೇ ಅಲ್ಲಿ. ಅಡುಗೆ ಸುಮಾರಾಗಿದ್ದಿದ್ದರೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನಾದಿನಿ ಮಾಡುವ ಮೆಣಸಿನ ಸಾರಿನ ಆಸೆಗೆ ಬಿದ್ದು ಹೋಗುತ್ತೇವೆ, ಹೊಟ್ಟೆತುಂಬ ಉಣ್ಣುತ್ತೇವೆ, ಕೈ ತೊಳೆದು ಬರುವಷ್ಟರಲ್ಲಿ ಷಡ್ಡಕರು ಹಜಾರದ ಕಿಟಕಿಗಳಿಗೆ ಪರದೆ ಎಳೆದಿರುತ್ತಾರೆ. ಮಟಮಟ ಮಧ್ಯಾಹ್ನ ಪರದೆ ಎಳೆದರೆಂದರೆ ಮುಗಿಯಿತು. ಇನ್ನು ಒಂದೂವರೆ ಗಂಟೆ ಯಾವುದೋ ಇಟಾಲಿಯನ್ ಹೆಣ ಮಣ್ಣಿನಿಂದ ಎದ್ದು ಬರುತ್ತದೆ, ಯಾರದೋ ಕಣ್ಣಿಗೆ ಮರದ ಸಿಬಿರು ಚುಚ್ಚುತ್ತದೆ. ಅದನ್ನೆಲ್ಲ ನಾವು ಎಲೆ ಅಡಿಕೆ ಜಗಿಯುತ್ತ ನೋಡಬೇಕು.

ಷಡ್ಡಕರು ವೃತ್ತಿಯಿಂದ ಆಡಿಟರ್. ಊರೂರಿನ ಕಚೇರಿಗಳಿಗೆ ಹೋಗಿ ಕಡತ ಬಿಚ್ಚಿ ತಪ್ಪು ಹುಡುಕುವುದು ಅವರ ಕಸುಬು. ಅವರು ಬರುತ್ತಾರೆಂದು ಗೊತ್ತಾದರೆ ಗುಮಾಸ್ತರು ರಜೆ ಚೀಟಿ ಬರೆದಿಡುತ್ತಾರಂತೆ. ಆಟೋ ಬಾಡಿಗೆಯ ವೋಚರ್ ಕಾಣದಿದ್ದರೆ ಆಕ್ಷೇಪಣೆ, ಸಹಿಯ ಕೆಳಗೆ ತಾರೀಖು ಇಲ್ಲದಿದ್ದರೆ ಆಕ್ಷೇಪಣೆ. ಏಕಾದಶಿ ಉಪವಾಸ ಮಾಡುತ್ತಾರೆ, ಶನಿವಾರ ಈರುಳ್ಳಿ ಮುಟ್ಟುವುದಿಲ್ಲ. ಇಂಥ ಮನುಷ್ಯ 1960ರಿಂದ 80ರ ದಶಕದ ಕೊನೆಯವರೆಗೆ ಇಟಲಿಯಲ್ಲಿ ತಯಾರಾದ ಅಗ್ಗದ ಭಯಾನಕ ಚಿತ್ರಗಳ ಮುಂದೆ ಕೂತರೆ, ತಪ್ಪು ಕಂಡಷ್ಟೂ ಮುಖ ಅರಳಿಸುತ್ತಾರೆ. "ನೋಡಿದ್ರಾ, ನೋಡಿದ್ರಾ! ದಾರ ಕಾಣಿಸ್ತು!" ಎಂದು ಚಪ್ಪಾಳೆ ತಟ್ಟುತ್ತಾರೆ.

ಈ ಜಾತಿಯವರು ಅವರೊಬ್ಬರೇ ಅಲ್ಲ. ಟೋಕಿಯೊದಿಂದ ಟೆಕ್ಸಸ್‌ವರೆಗೆ ಇದ್ದಾರೆ. ಎಲ್ಲರ ಲಕ್ಷಣವೂ ಒಂದೇ. ಮೊದಲು ಚಿತ್ರ ಕೆಟ್ಟದ್ದೆಂದು ತಾವೇ ಒಪ್ಪಿಕೊಂಡುಬಿಡುತ್ತಾರೆ, ಹಾಗಾಗಿ ಎದುರಿಗಿರುವವರಿಗೆ ಹೇಳಲು ಏನೂ ಉಳಿಯುವುದಿಲ್ಲ. ಆಮೇಲೆ ಆ ಕೆಟ್ಟ ಚಿತ್ರದ ನಾಲ್ಕು ಬಗೆಯ ಪ್ರತಿಗಳನ್ನು ಕೊಂಡುಕೊಳ್ಳುತ್ತಾರೆ. ದಾರಿಯೊ ಅರ್ಜೆಂಟೊ ಅವರ 'ಸುಸ್ಪಿರಿಯಾ' (1977) ಒಂದನ್ನೇ ನೋಡಿ ಮಾತಾಡುವವರನ್ನು ಕಂಡರೆ ಮೂಗು ಮುರಿಯುತ್ತಾರೆ. ಅದು ಎಲ್ಲರೂ ಒಪ್ಪಿದ ಚಿತ್ರ, ಅದರಲ್ಲೇನು ಮಹಾ? ಯಾವ ಚಿತ್ರದ ಯಾವ ಕೋಣೆಯ ಯಾವ ಮೂಲೆಯಲ್ಲಿ ಜೆ ಆ್ಯಂಡ್ ಬಿ ವಿಸ್ಕಿಯ ಬಾಟಲಿ ಇದೆಯೆಂದು ಬಾಯಿಪಾಠ ಒಪ್ಪಿಸುತ್ತಾರೆ. ಆ ಬಾಟಲಿ ಆ ಕಾಲದ ಇಟಾಲಿಯನ್ ಚಿತ್ರಗಳಲ್ಲಿ ನಾಯಕನಿಗಿಂತ ಹೆಚ್ಚು ಕಾಣಿಸಿಕೊಂಡಿದೆ. ಹನಿ ಮದ್ಯ ಮುಟ್ಟದ ನಮ್ಮ ಷಡ್ಡಕರು ಅದನ್ನು ಹಳೆಯ ಬಂಧುವನ್ನು ಕಂಡಂತೆ ಬೆರಳು ಮಾಡಿ ತೋರಿಸುತ್ತಾರೆ.

ಆದರೆ ನನ್ನ ನಿಜವಾದ ದೂರು ಬೇರೆ. ಅವರು ಸಿನಿಮಾ ನೋಡುವುದಿಲ್ಲ. ನಮ್ಮ ಮುಖ ನೋಡುತ್ತಾರೆ.

ಸೋಫಾ ಟೀವಿಗೆ ಎದುರಾಗಿದೆ. ಅವರ ಬೆತ್ತದ ಕುರ್ಚಿ ಮಾತ್ರ ಸೋಫಾದ ಕಡೆಗೆ ತಿರುಗಿಕೊಂಡಿದೆ. ಕೈಯಲ್ಲಿ ರಿಮೋಟು. ನೋಡಬೇಕಾದ ದೃಶ್ಯ ಇನ್ನೇನು ಬರುತ್ತದೆ ಎನ್ನುವಾಗ ಅವರ ಬೆನ್ನು ನೆಟ್ಟಗಾಗುತ್ತದೆ. ಅದರಿಂದಲೇ ನನಗೆ ಗೊತ್ತಾಗುತ್ತದೆ, ಈಗ ಏನೋ ಕಾದಿದೆ ಎಂದು. ಗಾಬರಿಯಾಗದಿದ್ದರೆ ಅವರಿಗೆ ಬೇಜಾರು, ಗಾಬರಿಯಾದರೆ ನನಗೆ ಅವಮಾನ. ಹಾಗಾಗಿ ನಾನೊಂದು ಮುಖ ಅಭ್ಯಾಸ ಮಾಡಿಕೊಂಡಿದ್ದೇನೆ. ಹುಬ್ಬು ಸ್ವಲ್ಪ ಮೇಲೆ, ಬಾಯಿ ಸ್ವಲ್ಪ ತೆರೆದು. ಇದು ಸಾಮಾನ್ಯವಾಗಿ ಸಾಕಾಗುತ್ತದೆ. ನನ್ನ ಹೆಂಡತಿ ಸಾರಾಸಗಟಾಗಿ ನಿದ್ದೆ ಮಾಡುತ್ತಾಳೆ, ಅವಳ ಮೇಲೆ ಅವರಿಗೆ ಕೋಪವಿಲ್ಲ. ಎಚ್ಚರವಿದ್ದು ಮುಖ ತಿರುಗಿಸುವವರ ಮೇಲೆಯೇ ಅವರ ಕಣ್ಣು.

ಲೂಚಿಯೊ ಫುಲ್ಚಿ ನಿರ್ದೇಶಿಸಿದ, 1981ರ 'ದ ಬಿಯಾಂಡ್' ಎಂಬ ಚಿತ್ರವನ್ನು ತೋರಿಸಿದ ಮಧ್ಯಾಹ್ನವನ್ನು ನಾನು ಮರೆಯಲಾರೆ. ಅದರಲ್ಲೊಬ್ಬ ಗ್ರಂಥಾಲಯದ ಏಣಿಯಿಂದ ಬಿದ್ದು ಮೈ ಅಲುಗಿಸಲಾಗದೆ ಮಲಗಿರುತ್ತಾನೆ. ಎಲ್ಲಿಂದಲೋ ಅಂಗೈ ಅಗಲದ ಜೇಡಗಳು ಬಂದು ಅವನ ಮುಖವನ್ನು ತಿನ್ನತೊಡಗುತ್ತವೆ. ನಾನು ನನ್ನ ಅಭ್ಯಾಸದ ಮುಖ ಹಾಕಿಕೊಂಡೆ. ಷಡ್ಡಕರು ರಿಮೋಟು ಒತ್ತಿದರು. ಚಿತ್ರ ನಿಂತಿತು.

"ಭಾವ, ಇದರಲ್ಲಿ ನಿಜವಾದ ಜೇಡ ಯಾವುದು, ಸುಳ್ಳು ಜೇಡ ಯಾವುದು, ಹೇಳಿ ನೋಡೋಣ."

ಹೆಂಡತಿ ಕರೆಯುವುದನ್ನು ಕೇಳಿ ಕೇಳಿ ಅವರಿಗೂ ನಾನು ಭಾವನೇ. ಹತ್ತಿರ ಹೋಗಿ ನೋಡಬೇಕೆಂದರು. ಎದ್ದು ಹೋಗಿ ಟೀವಿಗೆ ಮೂಗು ತಾಗಿಸಿ ನಿಂತೆ. ಅವರು ಚಿತ್ರವನ್ನು ಮತ್ತೆ ಓಡಿಸಿದರು. ನಿಜವಾದವು ಹೆಜ್ಜೆ ಹುಡುಕಿಕೊಂಡು ನಿಧಾನವಾಗಿ ನಡೆಯುತ್ತವೆ. ಅವುಗಳ ನಡುವೆ ಒಂದೆರಡು ಮಾತ್ರ ನಿಂತಲ್ಲೇ ಕಾಲು ಗಡಗಡ ನಡುಗಿಸುತ್ತವೆ, ಯಾರೋ ಕೆಳಗಿನಿಂದ ಅಲ್ಲಾಡಿಸುತ್ತಿರುವುದು ಸ್ಪಷ್ಟ. ಆ ಸುಳ್ಳು ಜೇಡವೇ ತುಟಿ ಕಿತ್ತು ತಿನ್ನುವ ಮುಖ್ಯ ಕೆಲಸ ಮಾಡುವುದು. ಜೊತೆಗೆ ಹಳೇ ಬಾಗಿಲು ಕಿರುಗುಟ್ಟಿದ ಹಾಗೆ ಒಂದು ಸದ್ದು. ಜೇಡ ಸದ್ದು ಮಾಡುವುದುಂಟೇ ಎಂದು ಕೇಳಿದೆ. ಆ ಪ್ರಶ್ನೆಗೇ ಅವರು ಕಾಯುತ್ತಿದ್ದರು. ದೃಶ್ಯವನ್ನು ಮತ್ತೆ ಹಿಂದಕ್ಕೆ ಓಡಿಸಿ ಮೊದಲಿನಿಂದ ಹಾಕಿದರು. ಅದೇ ಚಿತ್ರದಲ್ಲಿ ಆಸ್ಪತ್ರೆಯ ಬಾಗಿಲ ಮೇಲೊಂದು ಫಲಕ ಬರುತ್ತದೆ, 'ಡು ನಾಟ್ ಎಂಟ್ರಿ' ಎಂದು. ಕಥೆ ನಡೆಯುವುದು ಅಮೆರಿಕದ ಲೂಸಿಯಾನಾದಲ್ಲಿ, ಫಲಕ ಬರೆದವರು ಇಟಲಿಯವರು. ಅಲ್ಲಿಯೂ ನಿಲ್ಲಿಸಿದರು. ಅರ್ಧವಿರಾಮ ತಪ್ಪಿದ್ದಕ್ಕೆ ಕಡತ ವಾಪಸು ಕಳಿಸುವ ಆಡಿಟರು ಆ ಫಲಕವನ್ನು ನೋಡುತ್ತಿದ್ದ ಬಗೆಯಲ್ಲಿ ನಮ್ಮತ್ತೆ ಮೊಮ್ಮಗನ ಮೊದಲ ಹಲ್ಲನ್ನೂ ನೋಡಿರಲಿಲ್ಲ.

ನಾದಿನಿ ಒತ್ತು ಶಾವಿಗೆ ಮಾಡಿದ ದಿನ ಅವರು ಆರಿಸಿದ್ದು, ಕಿಟಕಿ ಒಡೆದು ಕೋಣೆಯೊಳಗೆ ಹುಳುಗಳ ಮಳೆ ಸುರಿಯುವ 'ಸಿಟಿ ಆಫ್ ದ ಲಿವಿಂಗ್ ಡೆಡ್'. ನಟರ ಮೇಲೆ ಸುರಿದದ್ದು ನಿಜವಾದ ಹುಳುಗಳನ್ನೇ ಎಂದು ಅವರು ಹೇಳುವ ಹೊತ್ತಿಗೆ ನನ್ನ ತಟ್ಟೆಯಲ್ಲಿ ಎರಡನೇ ಸಲ ಬಡಿಸಿದ ಶಾವಿಗೆ ಇತ್ತು. ಇದಕ್ಕಿಂತ ಹೆಚ್ಚು ಹೇಳಲಾರೆ.

ಹೆಸರುಗಳ ಗೋಜಲು ಇನ್ನೊಂದು. 1978ರಲ್ಲಿ ಅಮೆರಿಕದ ಜಾರ್ಜ್ ರೊಮೆರೊ ಅವರ 'ಡಾನ್ ಆಫ್ ದ ಡೆಡ್' ಇಟಲಿಯಲ್ಲಿ 'ಝೋಂಬಿ' ಎಂಬ ಹೆಸರಲ್ಲಿ ಬಿಡುಗಡೆಯಾಗಿ ದುಡ್ಡು ಮಾಡಿತು. ಮರುವರ್ಷವೇ ಫುಲ್ಚಿಯ 'ಝೋಂಬಿ 2' ಬಂತು. ಕಥೆಗೆ ಕಥೆ ಸೇರುವುದಿಲ್ಲ, ಪಾತ್ರಕ್ಕೆ ಪಾತ್ರ ಸೇರುವುದಿಲ್ಲ. "ಮೊದಲನೇ ಕಂತು ಯಾರದೋ, ಎರಡನೇ ಕಂತು ಇನ್ಯಾರದೋ! ನಮ್ಮಲ್ಲಿ ಹೀಗೆ ಬಿಲ್ ಮಾಡಿದ್ರೆ ಅವತ್ತೇ ಸಸ್ಪೆಂಡ್" ಎಂದು ಷಡ್ಡಕರು ಕಣ್ಣೀರು ಬರುವಂತೆ ನಗುತ್ತಾರೆ. ಮುಂದೆ ಅಮೆರಿಕದ 'ಈವಿಲ್ ಡೆಡ್' ಇಟಲಿಯಲ್ಲಿ 'ಲಾ ಕಾಸಾ' ಆಯಿತು, ಅದರ ಎರಡನೇ ಭಾಗ 'ಲಾ ಕಾಸಾ 2' ಆಯಿತು. ಮೂರು, ನಾಲ್ಕು, ಐದನೆಯದನ್ನು ಇಟಲಿಯವರು ತಾವೇ ಮಾಡಿ ಮುಗಿಸಿದರು. ನಿರ್ದೇಶಕರ ಹೆಸರುಗಳೂ ಹಾಗೆಯೇ. ಪರದೇಶದ ಚಿತ್ರವೆಂದರೆ ಜನ ಬರುತ್ತಾರೆಂದು ಅಂತೋನಿಯೊ ಮಾರ್ಗೆರಿಟಿ ಆ್ಯಂಟನಿ ಡಾಸನ್ ಆದರು, ಬ್ರೂನೊ ಮತ್ತೇಯಿ ವಿನ್ಸೆಂಟ್ ಡಾನ್ ಆದರು. 'ದ ಬಿಯಾಂಡ್' ಅಮೆರಿಕಕ್ಕೆ '7 ಡೋರ್ಸ್ ಆಫ್ ಡೆತ್' ಆಗಿ ಹೋದಾಗ ಫುಲ್ಚಿಯೂ ಲೂಯಿ ಫುಲರ್ ಆಗಿದ್ದರು. ಒಂದೇ ಚಿತ್ರ ಮೂರು ಹೆಸರಲ್ಲಿ ಷಡ್ಡಕರ ಕಪಾಟಿನಲ್ಲಿ ಕೂತಿರುವುದಕ್ಕೆ ನಾದಿನಿ ಆಕ್ಷೇಪಣೆ ಎತ್ತಿದ್ದುಂಟು. ಅದಕ್ಕೆ ಅವರು ಕೊಟ್ಟ ಸಮಜಾಯಿಷಿಯನ್ನು ಅವರ ಕಚೇರಿಯಲ್ಲಿ ಯಾವ ಗುಮಾಸ್ತ ಕೊಟ್ಟಿದ್ದರೂ ಒಪ್ಪುತ್ತಿರಲಿಲ್ಲ.

ಈ ಇಡೀ ಪರಂಪರೆಯ ಮೂಲಪುರುಷ ಮಾರಿಯೊ ಬಾವಾ. 1960ರಲ್ಲಿ 'ಬ್ಲ್ಯಾಕ್ ಸಂಡೇ' ಮಾಡಿದವರು, ಕ್ಯಾಮೆರಾ ಕೆಲಸವನ್ನು ತಂದೆಯಿಂದ ಕಲಿತವರು, ಕೈಯಲ್ಲಿ ಕಾಸಿಲ್ಲದೆ ಬಣ್ಣದ ದೀಪ, ಹೊಗೆ, ಕನ್ನಡಿ ಹಿಡಿದು ಬೇರೆ ಗ್ರಹವನ್ನೇ ಸ್ಟುಡಿಯೋದಲ್ಲಿ ಕಟ್ಟಿದವರು. "ಬಾವಾ ಅಂದ್ರೆ ದೇವರು, ಅವರ ಕಾಲಿನ ಧೂಳಿಗೂ ನಾವು ಸಮ ಇಲ್ಲ" ಎಂದು ಷಡ್ಡಕರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದನ್ನು ಅಡುಗೆಮನೆಯಿಂದ ಕೇಳಿಸಿಕೊಂಡ ಅತ್ತೆ, ಹಿರಿಯ ಅಳಿಯನಾದ ನನಗೆ ಅಂದು ಎರಡು ಚಮಚ ತುಪ್ಪ ಹೆಚ್ಚು ಬಡಿಸಿದರು. ನಾನು ತಿದ್ದಲು ಹೋಗಲಿಲ್ಲ.

ಕೇಳಲೇಬೇಕೆನಿಸುವ ಕಥೆಗಳೂ ಅವರಲ್ಲಿವೆ, ಅದನ್ನು ಒಪ್ಪಬೇಕು. 1971ರ ಒಂದು ಫುಲ್ಚಿ ಚಿತ್ರದಲ್ಲಿ ಹೊಟ್ಟೆ ಸೀಳಿದ ನಾಯಿಗಳ ದೃಶ್ಯವಿತ್ತು. ನಿಜವಾದ ನಾಯಿಗಳೆಂದು ಪ್ರಕರಣ ಕೋರ್ಟಿಗೆ ಹೋಯಿತು. ಅವುಗಳನ್ನು ತಯಾರಿಸಿದ ಕಾರ್ಲೊ ರಂಬಾಲ್ದಿ ಆ ಬೊಂಬೆ ನಾಯಿಗಳನ್ನೇ ತಂದು ತೋರಿಸಬೇಕಾಯಿತು. ಅದೇ ರಂಬಾಲ್ದಿ ಮುಂದೆ ಹಾಲಿವುಡ್‌ಗೆ ಹೋಗಿ 'ಇ.ಟಿ.'ಯ ಬೊಂಬೆ ಮಾಡಿ ಆಸ್ಕರ್ ತಂದರು. ರುಜ್ಜೆರೊ ದೆಯೊದಾತೊ ಅವರ 'ಕ್ಯಾನಿಬಲ್ ಹೊಲೊಕಾಸ್ಟ್' (1980) ಇದಕ್ಕಿಂತ ಒಂದು ಕೈ ಮೇಲು. ಕಾಡಿನಲ್ಲಿ ಸತ್ತವರು ಚಿತ್ರಿಸಿದ ರೀಲುಗಳು ಇವು ಎಂಬಂತೆ ಆ ಚಿತ್ರ ಕಟ್ಟಿದೆ. ನಂಬಿಕೆ ಬರಲಿ ಎಂದು ನಟರು ಒಂದು ವರ್ಷ ಎಲ್ಲೂ ಮುಖ ತೋರಿಸಬಾರದೆಂದು ಕರಾರು ಬರೆಸಿಕೊಂಡಿದ್ದರು. ಮಿಲಾನಿನಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಚಿತ್ರ ಜಪ್ತಿಯಾಯಿತು. ನಟರನ್ನು ನಿಜವಾಗಿಯೂ ಕೊಂದಿದ್ದಾರೆಂಬ ಅನುಮಾನ ನಿರ್ದೇಶಕರ ಮೇಲೆಯೇ ಬಂದು, ನಟರು ಬದುಕಿದ್ದಾರೆಂದು ಸಾಬೀತು ಮಾಡಲು ಅವರನ್ನು ಹುಡುಕಿ ಕರೆಸಬೇಕಾಯಿತು.

"ನವೆಂಬರ್ ತಿಂಗಳ ಲೈಫ್ ಸರ್ಟಿಫಿಕೇಟು!" ಎಂದರು ಷಡ್ಡಕರು.

ಆ ಚಿತ್ರವನ್ನು ಅವರು ನಮಗೆ ತೋರಿಸಿದ್ದು ಮಾತ್ರ ತುಂಡುತುಂಡಾಗಿ. ಮನುಷ್ಯರ ಸಾವೆಲ್ಲ ನಟನೆ, ಪ್ರಾಣಿಗಳ ಸಾವು ನಟನೆಯಲ್ಲ. ನದಿಯಿಂದ ಎಳೆದ ದೊಡ್ಡ ಆಮೆಯನ್ನು ಕ್ಯಾಮೆರಾ ಮುಂದೆ ನಿಜಕ್ಕೂ ಕೊಂದಿದ್ದಾರೆ. ಅಲ್ಲಿಗೆ ಬರುತ್ತಲೇ ಷಡ್ಡಕರು ನಮ್ಮ ಮುಖ ನೋಡುವುದನ್ನು ಬಿಟ್ಟು, ಟೀವಿಯ ಕಡೆಗೂ ನೋಡದೆ, ರಿಮೋಟಿನ ಮೇಲೆ ಬೆರಳು ಊರಿ ಚಿತ್ರವನ್ನು ಮುಂದಕ್ಕೆ ಓಡಿಸಿದರು. "ಇದು ಲೆಕ್ಕಕ್ಕೆ ಬರಲ್ಲ ಭಾವ, ಇದರಲ್ಲಿ ಯಾರ ಕೈಚಳಕಾನೂ ಇಲ್ಲ" ಎಂದರು. ಅವರ ಮೇಲೆ ನನಗಿರುವ ಸಿಟ್ಟಿನಲ್ಲಿ ಅಂದು ಸ್ವಲ್ಪ ಕಡಿಮೆಯಾಯಿತು.

ಮತ್ತೆ ಏರಿದ್ದು 'ಟ್ರಾಲ್ 2' ದಿನ. 1990ರ ಈ ಚಿತ್ರವನ್ನು ಕ್ಲೌದಿಯೊ ಫ್ರಗಾಸ್ಸೊ ಎಂಬ ಇಟಾಲಿಯನ್ ನಿರ್ದೇಶಕರು ಅಮೆರಿಕದ ಉತಾಹ್‌ಗೆ ಹೋಗಿ ಅಲ್ಲಿನ ಹವ್ಯಾಸಿ ನಟರನ್ನು ಹಾಕಿಕೊಂಡು ಮಾಡಿದರು. ಹೆಸರಲ್ಲಿ ಟ್ರಾಲ್ ಇದೆ, ಚಿತ್ರದಲ್ಲಿ ಟ್ರಾಲ್ ಇಲ್ಲ. ಇರುವುದು ಗಾಬ್ಲಿನ್ ಎಂಬ ಕುಳ್ಳ ಪಿಶಾಚಿಗಳು. ಅವು ಶುದ್ಧ ಸಸ್ಯಾಹಾರಿಗಳು. ಆದ್ದರಿಂದ ಮನುಷ್ಯರನ್ನು ಮೊದಲು ಗಿಡವಾಗಿ ಪರಿವರ್ತಿಸಿ ಆಮೇಲೆ ತಿನ್ನುತ್ತವೆ. ಕಥೆ ಬರೆದ ರೊಸೆಲ್ಲಾ ದ್ರೂದಿ ಅವರಿಗೆ ತಮ್ಮ ಗೆಳೆಯರು ಒಬ್ಬೊಬ್ಬರಾಗಿ ಸಸ್ಯಾಹಾರಿಗಳಾದದ್ದು ಕಂಡು ತಲೆಕೆಟ್ಟಿತ್ತಂತೆ, ಅದರ ಫಲ ಇದು. ಈ ವಿವರ ಕೇಳಿ ಅಂದು ಎಚ್ಚರವಾಗಿದ್ದ ನನ್ನ ಹೆಂಡತಿ, "ಸೊಪ್ಪು ತಿನ್ನೋರು ಅವಳಿಗೇನು ಮಾಡಿದ್ರಂತೆ?" ಎಂದು ಕೇಳಿದಳು. ಷಡ್ಡಕರ ಬಳಿ ಉತ್ತರವಿಲ್ಲದ ಪ್ರಶ್ನೆಯನ್ನು ನಾನು ಕೇಳಿದ್ದು ಅದೊಂದೇ. ಚಿತ್ರದಲ್ಲಿ ತಂದೆಯ ಪಾತ್ರ ಮಾಡಿದವರು ವೃತ್ತಿಯಿಂದ ದಂತವೈದ್ಯರು. ಚಿತ್ರ ಮುಗಿಸಿ ಹಲ್ಲು ಕೀಳಲು ವಾಪಸು ಹೋದರು. ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಜನ ಟಿಕೆಟ್ ಕೊಂಡು ಬಂದು ಅವರ ಮಾತುಗಳನ್ನು ಅವರಿಗೇ ಹೇಳಿ ತೋರಿಸುತ್ತಿದ್ದರು. ಆ ಚಿತ್ರದ ಬಾಲನಟನೇ ಬೆಳೆದು ಈ ಹುಚ್ಚಿನ ಬಗ್ಗೆ 'ಬೆಸ್ಟ್ ವರ್ಸ್ಟ್ ಮೂವಿ' ಎಂಬ ಸಾಕ್ಷ್ಯಚಿತ್ರ ಮಾಡಿದ.

ಒಮ್ಮೆ ರೋಮ್‌ಗೂ ಹೋಗಿ ಬಂದೆವು. ಪ್ಯಾಕೇಜ್ ಟೂರು, ಪುಳಿಯೋಗರೆ ಗೊಜ್ಜಿನ ಡಬ್ಬಿ, ಬಣ್ಣದ ಕೊಡೆ ಎತ್ತಿ ಹಿಡಿದ ಗೈಡು. ಅತ್ತೆಯೂ ಬಂದಿದ್ದರು. ವ್ಯಾಟಿಕನ್ ನೋಡಿಯಾದ ಮೇಲೆ ಸಂಜೆಯವರೆಗೆ ಬಿಡುವೆಂದು ಗೈಡು ಹೇಳಿದ್ದೇ ತಡ, ಷಡ್ಡಕರು "ಇಲ್ಲೇ ಪಕ್ಕದಲ್ಲಿ ಒಂದು ಮ್ಯೂಸಿಯಂ ಇದೆ, ನಡೆದೇ ಹೋಗಬಹುದು" ಎಂದರು. ವ್ಯಾಟಿಕನ್ ಪಕ್ಕದಲ್ಲಿರುವ ಮ್ಯೂಸಿಯಂ ಎಂದರೆ ಯಾರಿಗೆ ಅನುಮಾನ ಬರುತ್ತದೆ? ಪ್ರಾತಿ ಬಡಾವಣೆಯ ವಿಯಾ ದೇಯಿ ಗ್ರಾಕ್ಕಿ ಎಂಬ ರಸ್ತೆಯಲ್ಲಿ ಒಂದು ಪುಟ್ಟ ಅಂಗಡಿಯ ಮುಂದೆ ನಿಂತೆವು. 'ಪ್ರೊಫೊಂದೊ ರೊಸ್ಸೊ'. 1975ರ ಅರ್ಜೆಂಟೊ ಚಿತ್ರದ ಹೆಸರನ್ನೇ ಹೊತ್ತು 1989ರಿಂದ ನಡೆಯುತ್ತಿರುವ ಅಂಗಡಿ. ಮೇಲೆ ಪುಸ್ತಕ, ಮುಖವಾಡ, ಡಿಸ್ಕುಗಳು. ಮ್ಯೂಸಿಯಂ ಇರುವುದು ನೆಲಮಾಳಿಗೆಯಲ್ಲಿ. ಅಂಗಡಿ ನಡೆಸುವ ಲುಯಿಜಿ ಕೊಟ್ಸಿ ಸ್ವತಃ ಇಂಥ ಚಿತ್ರಗಳ ನಿರ್ದೇಶಕರು. ನಾವು ಹೋದ ಹೊತ್ತಿಗೆ ಅವರು ಇರಲಿಲ್ಲ. ಷಡ್ಡಕರು ಅವರಿಗೆಂದು ಮೈಸೂರು ಪಾಕಿನ ಪೊಟ್ಟಣ ಹಿಡಿದುಕೊಂಡು ಬಂದಿದ್ದರೆಂಬುದು ನಮಗೆ ಆಗ ತಿಳಿಯಿತು.

ಅತ್ತೆ ಕೆಳಗೆ ಇಳಿಯುವುದು ಬೇಡವೆಂದು ನಾವೆಲ್ಲ ಹೇಳಿದೆವು. "ಇಷ್ಟು ದೂರ ಬಂದು ನೋಡದೆ ಹೋಗೋದಾ?" ಎಂದು ಗೋಡೆ ಹಿಡಿದುಕೊಂಡು ಇಳಿದೇಬಿಟ್ಟರು. ಕೆಳಗೆ ಅರೆಗತ್ತಲು. ಅರ್ಜೆಂಟೊ ಚಿತ್ರಗಳ ರಕ್ಕಸರು, ಹೆಣಗಳು, ಕೊಯ್ದ ಕೊರಳುಗಳು ಬೊಂಬೆಗಳಾಗಿ ನಿಂತಿವೆ. ಷಡ್ಡಕರ ಕಣ್ಣು ಎಂದಿನಂತೆ ಬೊಂಬೆಗಳ ಮೇಲಿರಲಿಲ್ಲ, ಅತ್ತೆಯ ಮುಖದ ಮೇಲಿತ್ತು. ಅತ್ತೆ ಕನ್ನಡಕ ಸರಿಮಾಡಿಕೊಂಡು ಒಂದು ಕಡೆಯಿಂದ ನೋಡುತ್ತ ಬಂದರು. ಒಂದು ಭೂತದ ಮುಂದೆ ಬಗ್ಗಿ ಅದರ ಉಗುರನ್ನು ಪರೀಕ್ಷಿಸಿದರು.

"ಚೆನ್ನಾಗಿ ಕೂರಿಸಿದ್ದಾರೆ," ಎಂದರು. "ನವರಾತ್ರಿ ಮುಗಿದ ಮೇಲೂ ಎತ್ತಿಡಲ್ವೇನೋ? ಇದರಲ್ಲಿ ಪಟ್ಟದ ಗೊಂಬೆ ಯಾವುದು?"

ನಾನು ನಕ್ಕೆ. ಷಡ್ಡಕರು ನಗಲಿಲ್ಲ. ಬಹಳ ಗಂಭೀರವಾಗಿ ಯೋಚಿಸಿ, ಇದೇ ಪಟ್ಟದ್ದು ಎಂದು ಒಂದನ್ನು ತೋರಿಸಿದರು. ಅದರ ಚರ್ಮ ರಬ್ಬರಿನದೋ ಮೇಣದ್ದೋ ಎಂದು ಅತ್ತೆ ಕೇಳಿದರು. ಪ್ರತಿ ವರ್ಷ ಹಳೆಯ ಗೊಂಬೆಗಳಿಗೆ ತಾವೇ ಬಣ್ಣ ಬಳಿಯುವ ಹೆಂಗಸು, ಅವರಿಗೆ ಅದು ತಿಳಿಯಬೇಕಿತ್ತು. ಇಬ್ಬರೂ ಅಲ್ಲೇ ನಿಂತು ಮಾತಾಡತೊಡಗಿದರು. ಬಸ್ಸು ಹೊರಡುವ ಹೊತ್ತಾಯಿತೆಂದು ನಾವೇ ಅವರನ್ನು ಎಳೆದುಕೊಂಡು ಬರಬೇಕಾಯಿತು. ಮೈಸೂರು ಪಾಕನ್ನು ಬಸ್ಸಿನಲ್ಲಿ ಹಂಚಿಕೊಂಡು ತಿಂದೆವು.

ಅವರ ಈ ಮುಖ ನೋಡುವ ಚಾಳಿ ಎಲ್ಲಿಂದ ಬಂತೆಂದು ನಾದಿನಿ ಒಮ್ಮೆ ಬಟಾಣಿ ಸುಲಿಯುತ್ತ ಹೇಳಿದಳು. ಷಡ್ಡಕರು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಅವರ ಅಣ್ಣ ವೀಸೀಆರ್ ಬಾಡಿಗೆಗೆ ತಂದು, ಯಾವುದೋ ಭಕ್ತಿಚಿತ್ರದ ಹೊದಿಕೆಯಲ್ಲಿದ್ದ ಕ್ಯಾಸೆಟ್ ಹಾಕಿದರಂತೆ. ಒಳಗಿದ್ದದ್ದು ಬೇರೆ. ಸಮುದ್ರದ ಅಡಿಯಲ್ಲಿ ಒಂದು ಹೆಣ ಶಾರ್ಕ್ ಮೀನಿನ ಜೊತೆ ಕುಸ್ತಿ ಆಡುತ್ತಿತ್ತು. ಹುಡುಗನಿಗೆ ಪರದೆ ನೋಡುವ ಧೈರ್ಯವಿಲ್ಲ, ಎದ್ದು ಹೋಗುವ ಮನಸ್ಸೂ ಇಲ್ಲ. ಟೀವಿಗೆ ಬೆನ್ನು ಮಾಡಿ ಕೂತು ಇಡೀ ಸಿನಿಮಾವನ್ನು ಅಣ್ಣನ ಮುಖದಲ್ಲೇ ನೋಡಿ ಮುಗಿಸಿದ. ಅದಕ್ಕೆ ಹೆಸರು ಗೊತ್ತಿರಲಿಲ್ಲ, ಯಾರನ್ನು ಕೇಳಿದರೂ ಅಂಥದ್ದೊಂದು ಇದೆಯೆಂದು ನಂಬಲಿಲ್ಲ. 'ಝೋಂಬಿ 2' ಎಂದು ತಿಳಿಯುವ ಹೊತ್ತಿಗೆ ಅವರಿಗೆ ಮದುವೆಯಾಗಿತ್ತು. ಆ ಹೆಣ ರಾಮೋನ್ ಬ್ರಾವೊ ಎಂಬ ಮೆಕ್ಸಿಕೊದ ನೀರೊಳಗಿನ ಛಾಯಾಗ್ರಾಹಕರು, ಶಾರ್ಕ್ ನಿಜವಾದ ಶಾರ್ಕ್. ಡಿಸ್ಕು ಬಂದ ದಿನ ಅಣ್ಣನನ್ನು ಕರೆಸಿ ತೋರಿಸಿದರಂತೆ. ಅಣ್ಣನಿಗೆ ಯಾವುದೂ ನೆನಪಿರಲಿಲ್ಲ. ಎಡೆಯಲ್ಲಿ ಒಮ್ಮೆ ಟೈಮ್ ಎಷ್ಟಾಯಿತು ಎಂದು ಕೇಳಿದರಂತೆ.

ಅಂಥ ಚಿತ್ರ ಈಗ ಯಾರೂ ಮಾಡುವುದಿಲ್ಲ, ಮಾಡಲೂ ಆಗುವುದಿಲ್ಲ. 1955ರಲ್ಲಿ ಇಟಲಿಯ ಚಿತ್ರಮಂದಿರಗಳು 80 ಕೋಟಿಗೂ ಹೆಚ್ಚು ಟಿಕೆಟ್ ಮಾರಿದ್ದವು. ದೊಡ್ಡ ಊರಿನ ದೊಡ್ಡ ಥಿಯೇಟರು ಬಿಟ್ಟ ಮೇಲೆ ಎರಡನೇ ದರ್ಜೆಯದು, ಆಮೇಲೆ ಹಳ್ಳಿಗಾಡಿನ ಮೂರನೇ ದರ್ಜೆಯದು, ಹೀಗೆ ಒಂದು ಚಿತ್ರ ವರ್ಷಗಟ್ಟಲೆ ಸುತ್ತುತ್ತ ಅಸಲು ಗಿಟ್ಟಿಸುತ್ತಿತ್ತು. 1976ರಲ್ಲಿ ಅಲ್ಲಿನ ನ್ಯಾಯಾಲಯ ಸ್ಥಳೀಯ ಖಾಸಗಿ ಟೀವಿಗೆ ಬಾಗಿಲು ತೆರೆದ ಮೇಲೆ ಜನ ಮನೆಯಲ್ಲೇ ಕೂತರು. 80ರ ದಶಕದ ನಡುವಿಗೆ ಟಿಕೆಟ್ ಮಾರಾಟ ಮೊದಲಿನ ಕಾಲುಭಾಗಕ್ಕಿಂತ ಕೆಳಗಿಳಿಯಿತು. ಕೊನೆಕೊನೆಗೆ ಫುಲ್ಚಿಗೆ ಸಕ್ಕರೆ ಕಾಯಿಲೆ, ಕೈಯಲ್ಲಿ ದೊಡ್ಡ ಕೆಲಸವಿಲ್ಲ, ತನ್ನ ಊರಿನಲ್ಲೇ ಕೇಳುವವರಿಲ್ಲ. 1996ರ ಜನವರಿಯಲ್ಲಿ ನ್ಯೂಯಾರ್ಕಿನ ಭಯಾನಕ ಚಿತ್ರಪ್ರಿಯರ ಮೇಳಕ್ಕೆ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದವರಿಗೆ, ತನ್ನನ್ನು ನೋಡಲು ಅಷ್ಟು ಜನ ಸೇರಿದ್ದು ಕಂಡು ಆಶ್ಚರ್ಯವಾಗಿತ್ತು. ಮಾರ್ಚಿನಲ್ಲಿ ತೀರಿಕೊಂಡರು. ಅರ್ಜೆಂಟೊ ನಿರ್ಮಾಣದಲ್ಲಿ ಅವರು ನಿರ್ದೇಶಿಸಬೇಕಿದ್ದ ಮೇಣದ ಬೊಂಬೆಯ ಚಿತ್ರವನ್ನು ಇನ್ನೊಬ್ಬರು ಮುಗಿಸಿದರು. ಇದನ್ನು ಹೇಳುವಾಗ ಷಡ್ಡಕರು ಚಿತ್ರವನ್ನು ನಿಲ್ಲಿಸುವುದಿಲ್ಲ, ನಮ್ಮ ಕಡೆ ನೋಡುವುದೂ ಇಲ್ಲ.

ಹೋದ ತಿಂಗಳು ಅವರು ಫೋನ್ ಮಾಡಿ, ದನಿ ತಗ್ಗಿಸಿ, ಒಂದು ಪಾರ್ಸೆಲ್ ನಮ್ಮ ಮನೆ ವಿಳಾಸಕ್ಕೆ ತರಿಸಿಕೊಳ್ಳಬಹುದೇ ಎಂದು ಕೇಳಿದರು. "ಇವಳಿಗೆ ಗೊತ್ತಾಗೋದು ಬೇಡ ಭಾವ." ಯಾವ ಚಿತ್ರ ಎಂದು ಕೇಳಿದೆ. 'ದ ಬಿಯಾಂಡ್', ಹೊಸದಾಗಿ ಶುದ್ಧ ಮಾಡಿದ ಪ್ರತಿಯಂತೆ. ಶುದ್ಧ ಮಾಡಿದರೆ ಆ ನಡುಗುವ ಜೇಡ ಇನ್ನೂ ಚೆನ್ನಾಗಿ ಕಾಣಿಸಬೇಕಲ್ಲವೇ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಡಬ್ಬ ಬಂತು. ಅಟ್ಟದ ಮೇಲೆ ಹಳೆಯ ಸೂಟ್‌ಕೇಸಿನ ಹಿಂದೆ ಇಟ್ಟೆ. ಸಂಜೆ ನಾದಿನಿ ನನ್ನ ಹೆಂಡತಿಗೆ ಫೋನ್ ಮಾಡಿದಳು, ಸ್ಪೀಕರ್ ಹಾಕಿತ್ತು.

"ಅಕ್ಕ, ಅವರ ಡಬ್ಬ ಬಂತಾ? ಕೊರಿಯರ್ ಹುಡುಗ ನಿಮ್ಮನೆ ದಾರಿ ಗೊತ್ತಾಗದೆ ನನಗೇ ಫೋನ್ ಮಾಡಿದ್ದ. ಗಣೇಶನ ಗುಡಿ ಪಕ್ಕದ ಸಂದಿಯಲ್ಲಿ ತಿರುಗು ಅಂತ ನಾನೇ ಹೇಳ್ದೆ."

"ಬಂದಿದೆ ಕಣೆ," ಎಂದಳು ನನ್ನ ಹೆಂಡತಿ. "ಇವರು ಅಟ್ಟದ ಮೇಲೆ ಬಚ್ಚಿಟ್ಟಿದ್ದಾರೆ. ಭಾನುವಾರ ಏನ್ ಅಡುಗೆ?"